ಎಂಟು ಸಾವಿರದೊಳಗೆ ನಿಮ್ಮದೇ ಎಲೆಕ್ಟ್ರಿಕ್ ಗಿಟಾರ್: ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಮಾಡುವ ಬಗೆ

"ಎಲೆಕ್ಟ್ರಿಕ್ ಗಿಟಾರ್ ಮನೇಲೇ ಮಾಡೋಕೆ ಆಗುತ್ತಾ? ಎಷ್ಟು ಖರ್ಚು? ಯಾವ ಕಟ್ಟಿಗೆ ಬೇಕು?" ಈ ಮೂರು ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತವೆ. ಹುಬ್ಬಳ್ಳಿಯ ಕಾಲೇಜು ಹುಡುಗರು ಕೇಳುತ್ತಾರೆ, ಗದಗ, ಹಾವೇರಿ ಕಡೆಯವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಪೂರ್ತಿ ಇಲ್ಲೇ ಬರೆದುಬಿಡುತ್ತೇನೆ.

ಮಾಡೋಕೆ ಆಗುತ್ತದೆ. ಅಕೌಸ್ಟಿಕ್ ಗಿಟಾರ್ ಆಗಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಅದರ ದನಿ ಹುಟ್ಟುವುದೇ ತೆಳು ಹಲಗೆಯ ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆ ಕಟ್ಟುವುದಕ್ಕೆ ವರ್ಷಗಳ ಕೈಪಳಗು ಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಪೆಟ್ಟಿಗೆಯೇ ಇಲ್ಲ. ಒಂದು ಗಟ್ಟಿ ಹಲಗೆ, ಅದಕ್ಕೆ ಸ್ಕ್ರೂ ಹೊಡೆದು ಕೂರಿಸಿದ ನೆಕ್, ಅಷ್ಟೇ. 1950ರಲ್ಲಿ ಲಿಯೋ ಫೆಂಡರ್ ಅವರ ಕಂಪನಿ ಅಮೆರಿಕದಲ್ಲಿ ಮಾರಾಟಕ್ಕೆ ತಂದ ಗಿಟಾರ್ ಇದೇ ನಮೂನೆಯದು. ಚಪ್ಪಟೆ ಹಲಗೆ, ನಾಲ್ಕು ಸ್ಕ್ರೂ. ಆ ಗಿಟಾರಿಗೆ ಮುಂದೆ ಟೆಲಿಕಾಸ್ಟರ್ ಅಂತ ಹೆಸರಾಯಿತು. ಮೊದಲ ಸಲ ಮಾಡುವವರಿಗೆ ನಾನು ಹೇಳುವ ಆಕಾರವೂ ಅದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಕಟ್ಟಿಗೆಯ ಚಿಂತೆ ಮಾಡುತ್ತಾರೆ. ನಿಜವಾಗಿ ಗಿಟಾರ್ ಕೆಡುವುದು ಅಳತೆಯಲ್ಲಿ. ದುಡ್ಡು ನೆಕ್‌ಗೆ ಹಾಕಿ, ತಾಳ್ಮೆ ಅಳತೆಗೆ ಇಡಿ. ಉಳಿದದ್ದನ್ನೆಲ್ಲ ಆಮೇಲೆ ಸರಿಮಾಡಿಕೊಳ್ಳಬಹುದು.

ಹೆಸರುಗಳು

ನಮ್ಮ ಕಡೆ ತಂಬೂರಿ, ಸಿತಾರ್ ನೋಡದವರು ಕಡಿಮೆ. ಹಾಗಾಗಿ ಹೆಸರು ಹಿಡಿಯುವುದು ಕಷ್ಟವಲ್ಲ. ತಂತಿ ಬಿಗಿ ಮಾಡುವ ಬಿರಡೆ ಇಲ್ಲೂ ಬಿರಡೆಯೇ. ಬಾಡಿಯ ಮೇಲೆ ತಂತಿ ಹೊತ್ತು ನಿಲ್ಲುವ ಬ್ರಿಜ್ ನಮ್ಮ ಕುದುರೆ. ಫ್ರೆಟ್ ಅಂದರೆ ಮೆಟ್ಟಿಲು. ಮೆಟ್ಟಿಲು ಕೂರಿಸಿದ ಉದ್ದನೆಯ ಕತ್ತು ನೆಕ್. ನೆಕ್ಕಿನ ಮೇಲ್ತುದಿಯಲ್ಲಿ ಆರು ಗೀರು ಇರುವ ಬಿಳಿ ಪಟ್ಟಿ ನಟ್. ನೆಕ್ಕಿನ ಹೊಟ್ಟೆಯೊಳಗೆ ಅಡಗಿರುವ ಉಕ್ಕಿನ ಸರಳು ಟ್ರಸ್ ರಾಡ್. ಆರೂ ತಂತಿ ಸೇರಿ ಸುಮಾರು 38 ಕೆಜಿ ಎಳೆತ ಹಾಕುತ್ತವೆ. ಆ ಎಳೆತಕ್ಕೆ ನೆಕ್ ಬಾಗದ ಹಾಗೆ ಈ ಸರಳು ತಡೆಯುತ್ತದೆ. ಇನ್ನು ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳ್ಳನೆ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲೆ ಉಕ್ಕಿನ ತಂತಿ ಅದುರಿದರೆ ಇದರಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ.

ಖರ್ಚಿನ ಲೆಕ್ಕ

ನನ್ನ ಅಂದಾಜು ಹೀಗಿದೆ. ರೇಟು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ನೂರಿನ್ನೂರು ಹೆಚ್ಚುಕಡಿಮೆ ಹಿಡಿದುಕೊಳ್ಳಿ.

- ಮೆಟ್ಟಿಲು, ಟ್ರಸ್ ರಾಡ್ ಸಮೇತ ತಯಾರಿರುವ ನೆಕ್: 3,500
- ಬಿರಡೆ ಆರು: 600
- ಕುದುರೆ: 600
- ಪಿಕಪ್ ಒಂದು: 800
- ಪಾಟ್ (ದನಿ ಏರಿಳಿಸುವ ಬಿಡಿಭಾಗ), ಜಾಕ್ (ಆಂಪ್ಲಿಫೈಯರಿನ ವೈರ್ ಚುಚ್ಚುವ ಜಾಗ), ವೈರು: 300
- ತಂತಿ ಒಂದು ಸೆಟ್: 400
- ಕಟ್ಟಿಗೆ: 800
- ಬಡಿಗೇರರ ಕೂಲಿ: 500
- ಪಾಲಿಶ್, ಪಾಲಿಶ್ ಪೇಪರ್: 300

ಒಟ್ಟು 7,800. ಕೈಗೆ ಸಿಗದ ಸಾಮಾನನ್ನು ಆನ್‌ಲೈನ್‌ನಲ್ಲಿ ತರಿಸಬೇಕಾಗುತ್ತದೆ. ಪಾಟ್, ಜಾಕ್, ವೈರು ಮಾತ್ರ ಟಿವಿ-ರೇಡಿಯೋ ರಿಪೇರಿ ಸಾಮಾನು ಮಾರುವ ಯಾವ ಅಂಗಡಿಯಲ್ಲೂ ಸಿಗುತ್ತವೆ.

ಹಂತ 1: ನೆಕ್ ಕೊಳ್ಳಿ, ಮಾಡಬೇಡಿ

ಮೊದಲ ಗಿಟಾರಿಗೇ ನೆಕ್ ಕೆತ್ತಲು ಹೋಗಬೇಡಿ. ಒಂದೊಂದು ಮೆಟ್ಟಿಲಿನ ಜಾಗವೂ ಲೆಕ್ಕದ್ದು. ಉಳಿದ ಉದ್ದವನ್ನು 17.817ರಿಂದ ಭಾಗಿಸುತ್ತಾ ಹೋದರೆ ಮುಂದಿನ ಮೆಟ್ಟಿಲು ಎಲ್ಲಿ ಅಂತ ಗೊತ್ತಾಗುತ್ತದೆ. ಅರ್ಧ ಮಿಲಿಮೀಟರ್ ಸರಿದರೂ ಸ್ವರ ಅಪಸ್ವರ ಆಗುತ್ತದೆ. ಸಿತಾರಿನ ಮೆಟ್ಟಿಲನ್ನು ದಾರದಿಂದ ಕಟ್ಟಿರುತ್ತಾರೆ, ಬೇಕಾದಾಗ ಸರಿಸಬಹುದು. ಇಲ್ಲಿ ಹೊಡೆದು ಕೂರಿಸಿದ ಮೇಲೆ ಮುಗಿಯಿತು.

ಯಾರ ಮನೆಯ ಅಟ್ಟದ ಮೇಲಾದರೂ ಬಾಡಿ ಒಡೆದ ಹಳೇ ಎಲೆಕ್ಟ್ರಿಕ್ ಗಿಟಾರ್ ಇದ್ದರೆ ಕೇಳಿ. ನೆಕ್ ಚೆನ್ನಾಗಿದ್ದರೆ ಅದಕ್ಕಿಂತ ಅಗ್ಗದ ದಾರಿ ಬೇರೆ ಇಲ್ಲ. ಬಿರಡೆ, ಪಿಕಪ್ಪೂ ಜೊತೆಗೇ ಸಿಗುತ್ತವೆ. ಆದರೆ ನೆಕ್ಕನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬಂದೂಕಿನ ಗುರಿ ನೋಡುವ ಹಾಗೆ ಉದ್ದಕ್ಕೂ ನೋಡಿ. ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಬಾಗಿದ್ದರೆ ಟ್ರಸ್ ರಾಡ್ ಸರಿ ಮಾಡುತ್ತದೆ. ಹಗ್ಗದ ಹಾಗೆ ತಿರುಚಿಕೊಂಡಿದ್ದರೆ ಬಿಟ್ಟುಬಿಡಿ, ಪುಕ್ಕಟೆ ಕೊಟ್ಟರೂ ಬೇಡ.

ನೆಕ್ ಕೈಗೆ ಬಂದ ತಕ್ಷಣ ಒಂದು ಅಳತೆ ತೆಗೆದು ಬರೆದಿಡಿ. ನಟ್‌ನ ಮೆಟ್ಟಿಲ ಕಡೆಯ ಅಂಚಿನಿಂದ 12ನೇ ಮೆಟ್ಟಿಲಿನ ನಡುಮಧ್ಯದವರೆಗೆ. ಅದರ ಎರಡರಷ್ಟೇ ಸ್ಕೇಲ್ ಉದ್ದ, ಅಂದರೆ ತಂತಿ ಮೀಟಿದಾಗ ಅದುರುವ ಪೂರ್ತಿ ಉದ್ದ. ಸಾಮಾನ್ಯವಾಗಿ 324 ಬರುತ್ತದೆ, ಹಾಗಾದರೆ ಸ್ಕೇಲ್ 648 ಮಿಮೀ. ಬೇರೆ ಬಂದರೂ ಚಿಂತೆ ಇಲ್ಲ. ಮುಂದೆ ನಾನು 648 ಅಂದಲ್ಲೆಲ್ಲ ನಿಮ್ಮ ಅಳತೆ ಇಟ್ಟುಕೊಳ್ಳಿ.

ಹಂತ 2: ಕಟ್ಟಿಗೆ

ಯಾವ ಮರ ಅನ್ನುವುದಕ್ಕಿಂತ ಎಷ್ಟು ಒಣಗಿದೆ ಅನ್ನುವುದು ಮುಖ್ಯ. ಸಾಗವಾನಿ ಗಟ್ಟಿ, ಬಾಗುವುದಿಲ್ಲ, ಆದರೆ ಬಾಡಿಯೊಂದೇ ಮೂರು ಕೆಜಿ ಹತ್ತಿರ ತೂಗುತ್ತದೆ. ಎರಡು ತಾಸು ಹೆಗಲಿಗೆ ಹಾಕಿ ನಿಂತರೆ ಗೊತ್ತಾಗುತ್ತದೆ. ಶಿವನಿ ಸಿಕ್ಕರೆ ನನ್ನ ಆಯ್ಕೆ ಅದೇ. ಹಗುರ, ಉಳಿಗೆ ಮೆತ್ತಗೆ, ಒಣಗಿದ ಮೇಲೆ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಹೆಬ್ಬೇವೂ ನಡೆಯುತ್ತದೆ. ವೀಣೆ ಮಾಡುವ ಹಲಸೂ ಚೆನ್ನ.

ಹಳೇ ಮನೆ ಕೆಡವಿದ ಕಡೆ ಬಾಗಿಲು, ತೊಲೆ ಮಾರುತ್ತಾರೆ. ಐವತ್ತು ವರ್ಷ ಬಿಸಿಲು ಮಳೆ ಕಂಡ ತೊಲೆಗಿಂತ ಒಣಗಿದ ಕಟ್ಟಿಗೆ ನಿಮಗೆ ಎಲ್ಲೂ ಸಿಗುವುದಿಲ್ಲ. ಇಂಗ್ಲೆಂಡಿನ ಕ್ವೀನ್ ರಾಕ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ 1963ರಲ್ಲಿ ತಂದೆಯ ಜೊತೆ ಸೇರಿ ಗಿಟಾರ್ ಮಾಡಲು ಶುರುಮಾಡಿದಾಗ ನೆಕ್ಕಿಗೆ ಬಳಸಿದ್ದು ಮನೆಯ ಅಗ್ಗಿಷ್ಟಿಕೆಯ ಹಳೇ ಹಲಗೆ. ಆ ಗಿಟಾರನ್ನೇ ಅವರು ದಶಕಗಳಿಂದ ನುಡಿಸುತ್ತಾ ಬಂದಿದ್ದಾರೆ. ಹಳೇ ತೊಲೆ ತಂದರೆ ಒಳಗೆ ಮುರಿದ ಮೊಳೆ ಇವೆಯಾ ಅಂತ ಒಂದು ಅಯಸ್ಕಾಂತ ಆಡಿಸಿ ನೋಡಿ. ಬಡಿಗೇರರ ಗರಗಸದ ಹಲ್ಲು ಹೋದರೆ ಅವರಿಗೆ ಸಿಟ್ಟು ಬರುವುದು ನ್ಯಾಯವೇ.

ಡಿಪೋದಿಂದ ಹೊಸ ಹಲಗೆ ತಂದರೆ ಹೀಗೆ ಪರೀಕ್ಷೆ ಮಾಡಿ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ, ಹಲಗೆಯ ಮೇಲೇ ತೂಕ, ತಾರೀಕು ಬರೆಯಿರಿ. ಮನೆಯೊಳಗೆ ಗಾಳಿ ಆಡುವ ಕಡೆ ನಿಲ್ಲಿಸಿ ಹದಿನೈದು ದಿನ ಬಿಟ್ಟು ಮತ್ತೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಇನ್ನೂ ಹಸಿ. ಎರಡು ಸಲ ಒಂದೇ ತೂಕ ಬಂದಮೇಲೆ ಕೆಲಸ ಶುರು ಮಾಡಿ. ನನ್ನ ಮೊದಲ ಹಲಗೆ "ಪೂರ್ತಿ ಒಣಗಿದೆ" ಅಂತ ಹೇಳಿ ಕೊಟ್ಟದ್ದು. ಏಪ್ರಿಲ್ ಬಿಸಿಲಿಗೆ ನೆಕ್ ಕೂರುವ ಜಾಗದಿಂದಲೇ ಸೀಳಿತು. ಮಾಡಿದ ಕೆಲಸವೆಲ್ಲ ಒಲೆಗೆ ಹೋಯಿತು.

ಬೇಕಾದ ಅಳತೆ: 17 ಇಂಚು ಉದ್ದ, 14 ಇಂಚು ಅಗಲ, 45 ಮಿಮೀ ದಪ್ಪ. ಅಷ್ಟು ಅಗಲದ ಒಂದೇ ಹಲಗೆ ಸಿಗುವುದು ಅಪರೂಪ. ಎರಡು-ಮೂರು ತುಂಡು ಫೆವಿಕಾಲ್ ಹಾಕಿ ಜೋಡಿಸಿ, ಶಿಕಂಜಿಯಲ್ಲಿ (ಕ್ಲ್ಯಾಂಪ್) ಬಿಗಿದು ಒಂದು ದಿನ ಬಿಡಿ. ಸಾಗವಾನಿಯಲ್ಲಿ ಎಣ್ಣೆಯಂಶ ಇರುತ್ತದೆ. ಅಂಟಿಸುವ ಮೊದಲು ಥಿನ್ನರಿನಲ್ಲಿ ಒರೆಸದಿದ್ದರೆ ಬೆಸುಗೆ ಬಿಡುತ್ತದೆ.

ಹಂತ 3: ನಕ್ಷೆ ಮತ್ತು ನಡುಗೆರೆ

ಟೆಲಿಕಾಸ್ಟರ್ ಆಕಾರದ ಪೂರ್ಣ ಅಳತೆಯ ನಕ್ಷೆ ಇಂಟರ್‌ನೆಟ್ಟಿನಲ್ಲಿ ಸಿಗುತ್ತದೆ. ಇಂಜಿನಿಯರಿಂಗ್ ಡ್ರಾಯಿಂಗ್ ಪ್ರಿಂಟ್ ತೆಗೆಯುವ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ತೆಗೆಸಿ. ತೆಗೆಸಿದ ಕೂಡಲೇ ಅಲ್ಲೇ ನಿಂತು ಸ್ಟೀಲ್ ಪಟ್ಟಿಯಿಂದ ಅಳೆಯಿರಿ. ಪ್ರಿಂಟರ್ ಎಷ್ಟೋ ಸಲ ಹಾಳೆಗೆ ಹೊಂದಲಿ ಅಂತ ನಕ್ಷೆಯನ್ನು ಸ್ವಲ್ಪ ಕುಗ್ಗಿಸಿಬಿಡುತ್ತದೆ. 100 ಮಿಮೀ ಗೆರೆ 97 ಬಂದರೆ ಆ ಹಾಳೆ ರದ್ದಿ.

ಹಲಗೆಯ ನಡುವೆ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಪೆನ್ಸಿಲ್ ಸಾಲದು, ಚೂಪು ಚಾಕುವಿನಿಂದ ಗೀರಿ. ನೆಕ್, ಪಿಕಪ್, ಕುದುರೆ ಮೂರೂ ಈ ಗೆರೆಯನ್ನೇ ನಂಬಿ ಕೂರುತ್ತವೆ. ಪಾಲಿಶ್ ಹಂತದವರೆಗೆ ಇದನ್ನು ಅಳಿಸಬೇಡಿ.

ಹಂತ 4: ಕತ್ತರಿಸುವುದು, ನೆಕ್ಕಿಗೆ ಗುಳಿ ತೆಗೆಯುವುದು

ಹೊರ ಆಕಾರವನ್ನು ಬಡಿಗೇರರ ಹತ್ತಿರ ಮಾಡಿಸಿ. ಅವರ ಮಷಿನ್ನಿಗೆ ಅದು ಸ್ವಲ್ಪ ಹೊತ್ತಿನ ಕೆಲಸ. ಒಂದು ಎಚ್ಚರಿಕೆ. ಅವರ ಲೆಕ್ಕ ಇಂಚು ಮತ್ತು ಸೂತದ್ದು. ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ, ಮೂರು ಮಿಲಿಮೀಟರಿಗೂ ಜಾಸ್ತಿ. ಬಾಗಿಲ ಚೌಕಟ್ಟಿಗೆ ಅರ್ಧ ಸೂತದ ವ್ಯತ್ಯಾಸ ಏನೂ ಅಲ್ಲ, ಗಿಟಾರಿಗೆ ಅದು ಬಹಳ. ಅದಕ್ಕೇ ಹೊರಗಿನ ಆಕಾರ ಅವರಿಗೆ ಬಿಡಿ. ಗೆರೆಯ ಹೊರಗೇ ಕತ್ತರಿಸಲು ಹೇಳಿ, ಉಳಿದದ್ದನ್ನು ನೀವೇ ಪಾಲಿಶ್ ಪೇಪರಿನಲ್ಲಿ ಉಜ್ಜಿ. ನೆಕ್ಕಿನ ಗುಳಿಯನ್ನು ಮಾತ್ರ ಬೇರೆಯವರಿಗೆ ಕೊಡಬೇಡಿ.

ಇಡೀ ಗಿಟಾರಿನಲ್ಲಿ ನಿಮ್ಮ ಕೈ ನಿಧಾನವಾಗಬೇಕಾದ ಜಾಗ ಇದು. ನೆಕ್ಕಿನ ಬುಡ ಸಾಮಾನ್ಯವಾಗಿ 56 ಮಿಮೀ ಅಗಲ ಇರುತ್ತದೆ, ಗುಳಿಯ ಆಳ 16 ಮಿಮೀ. ಆದರೆ ಈ ಅಂಕಿ ನೋಡಿ ಗೆರೆ ಹಾಕಬೇಡಿ. ನಿಮ್ಮ ನೆಕ್ಕನ್ನೇ ನಡುಗೆರೆಯ ಮೇಲೆ ಮಲಗಿಸಿ, ಸುತ್ತ ಚಾಕುವಿನಿಂದ ಗೀರಿ. ರೌಟರ್ ಮಷಿನ್ ಇದ್ದರೆ ಸರಿ. ಇಲ್ಲದಿದ್ದರೆ ಡ್ರಿಲ್ಲಿನಿಂದ 15 ಮಿಮೀ ಆಳಕ್ಕೆ ಸಾಲಾಗಿ ತೂತು ಕೊರೆದು, ಉಳಿದದ್ದನ್ನು ಉಳಿಯಿಂದ ಬಿಡಿಸಿ. ಗೆರೆಗಿಂತ ಅರ್ಧ ಮಿಮೀ ಒಳಗೇ ನಿಲ್ಲಿ.

ಈಗ ನೆಕ್ಕಿನ ಬುಡಕ್ಕೆ ಪೆನ್ಸಿಲ್ ಪುಡಿ ಸವರಿ ಗುಳಿಯಲ್ಲಿ ಒತ್ತಿ ತೆಗೆಯಿರಿ. ಕಪ್ಪು ಹತ್ತಿದ ಜಾಗ ಉಬ್ಬಿದೆ ಅಂತ ಅರ್ಥ. ಅಷ್ಟನ್ನೇ ಕೆರೆದು ಮತ್ತೆ ಸವರಿ, ಮತ್ತೆ ಒತ್ತಿ. ಹತ್ತು-ಹದಿನೈದು ಸಲ ಆಗಬಹುದು. ಕೊನೆಗೆ ಗುಳಿಯ ತಳಕ್ಕೆಲ್ಲ ಸಮನಾಗಿ ಕಪ್ಪು ಹತ್ತುತ್ತದೆ. ಆಗ ಸ್ಕ್ರೂ ಇಲ್ಲದೆ ನೆಕ್ ಕೂರಿಸಿ, ನೆಕ್ ಹಿಡಿದೇ ನೆಲದಿಂದ ಒಂದು ಗೇಣು ಮೇಲಕ್ಕೆ ಎತ್ತಿ. ಕೆಳಗೆ ಹಾಸಿಗೆ ಇರಲಿ. ಬಾಡಿ ಕಳಚಿಕೊಳ್ಳದೆ ತೂಗಾಡಿದರೆ ನಿಮ್ಮ ಗುಳಿ ಸರಿಯಾಗಿದೆ.

ನಾಲ್ಕು ಸ್ಕ್ರೂ 45 ಮಿಮೀ ಉದ್ದದವು. ಬಾಡಿ 45, ಗುಳಿ 16 ಹೋದರೆ ಉಳಿದ ಹಲಗೆ 29. ಬಾಡಿಯ ಹಿಂದೆ, ಸ್ಕ್ರೂ ತಲೆಗಳ ಕೆಳಗೆ ಬರುವ ತಗಡು ಸುಮಾರು 2. ಹಾಗಾದರೆ ನೆಕ್ಕಿನೊಳಗೆ ಹೋಗುವುದು 14 ಮಿಮೀ. ಇದಕ್ಕಿಂತ ಉದ್ದದ ಸ್ಕ್ರೂ ಹಾಕಿದರೆ ಮೆಟ್ಟಿಲ ಹಲಗೆಯನ್ನು ತೂತು ಮಾಡಿಕೊಂಡು ಮೇಲೆ ಬಂದೀತು. ಬಾಡಿಯಲ್ಲಿ ಸ್ಕ್ರೂ ಸಲೀಸಾಗಿ ದಾಟುವಷ್ಟು ದೊಡ್ಡ ತೂತು, ನೆಕ್ಕಿನಲ್ಲಿ 3 ಮಿಮೀ ತೂತು ಕೊರೆಯಿರಿ. ಸ್ಕ್ರೂಗೆ ಮೇಣದಬತ್ತಿ ಉಜ್ಜಿ. ತೂತು ಇಲ್ಲದೆ ತಿರುಗಿಸಿದರೆ ಸ್ಕ್ರೂ ತಲೆ ಮುರಿದು ಒಳಗೇ ಉಳಿಯುತ್ತದೆ.

ಹಂತ 5: ಕುದುರೆಯ ಜಾಗ

ನೆಕ್ ಕೂರಿಸಿದ ಮೇಲೆಯೇ ಕುದುರೆಯ ಜಾಗ ಗುರುತು ಮಾಡಿ. ನಕ್ಷೆಯಲ್ಲಿ ಇದೆ ಅಂತ ಮೊದಲೇ ಕೊರೆಯಬೇಡಿ. ಈ ಸರದಿ ಪಾಲಿಸಿದರೆ ಗುಳಿಯಲ್ಲಿ ನೆಕ್ ಒಂದೆರಡು ಮಿಮೀ ಹಿಂದೆಮುಂದೆ ಕೂತಿದ್ದರೂ ಇಲ್ಲಿ ಸರಿಹೋಗುತ್ತದೆ.

ಮೇಲಿನಿಂದಲೇ ತಂತಿ ಹಾಕುವ, ಅಲುಗಾಡದ ಸಾದಾ ಕುದುರೆ ಕೊಳ್ಳಿ. ಸ್ಪ್ರಿಂಗ್ ಇರುವ, ಹಿಡಿ ಒತ್ತಿದರೆ ತೂಗುವ ಕುದುರೆ ಈಗ ಬೇಡ. ಎರಡು ಕಂಬದ ಮೇಲೆ ಎತ್ತರಕ್ಕೆ ನಿಲ್ಲುವ ಕುದುರೆಯೂ ಬೇಡ. ಅದಕ್ಕೆ ನೆಕ್ಕನ್ನೇ ಹಿಂದಕ್ಕೆ ಓರೆ ಮಾಡಿ ಕೂರಿಸಬೇಕಾಗುತ್ತದೆ.

ಕುದುರೆಯಲ್ಲಿ ತಂತಿಗೊಂದರಂತೆ ಆರು ಸಣ್ಣ ತುಂಡು ಇರುತ್ತವೆ, ಇವು ಸ್ಯಾಡಲ್. ಸ್ಕ್ರೂ ತಿರುಗಿಸಿ ಹಿಂದೆಮುಂದೆ ಸರಿಸಬಹುದು. ಅತಿ ತೆಳು ತಂತಿಯ ಸ್ಯಾಡಲ್ಲನ್ನು ನೆಕ್ಕಿನ ಕಡೆ ಪೂರ್ತಿ ತಂದು, 2-3 ಮಿಮೀ ಮಾತ್ರ ಹಿಂದೆ ಬಿಡಿ. ಆ ಸ್ಯಾಡಲ್ ನಟ್‌ನಿಂದ ಸರಿಯಾಗಿ 648ರಲ್ಲಿ ಬರುವ ಹಾಗೆ ಕುದುರೆ ಇಡಿ. ದಪ್ಪ ತಂತಿಗಳಿಗೆ ಇನ್ನೂ ಸ್ವಲ್ಪ ಹಿಂದಿನ ಜಾಗ ಬೇಕು, ಅದು ತಾನಾಗಿ ಉಳಿದಿರುತ್ತದೆ.

ಕೊರೆಯುವ ಮೊದಲು ದಾರದ ಪರೀಕ್ಷೆ ಮಾಡಿ. ನಟ್‌ನ ಮೊದಲ ಮತ್ತು ಕೊನೆಯ ಗೀರಿನಿಂದ ಎರಡು ಹೊಲಿಗೆ ದಾರ ಎಳೆದು ಕುದುರೆಯ ಮೊದಲ, ಕೊನೆಯ ಸ್ಯಾಡಲ್ಲಿಗೆ ಟೇಪಿನಿಂದ ಅಂಟಿಸಿ. ಎರಡೂ ದಾರ ನೆಕ್ಕಿನ ಅಂಚಿನಿಂದ ಒಂದೇ ದೂರದಲ್ಲಿ ಓಡಬೇಕು. ಒಂದು ಕಡೆ ಅಂಚಿಗೆ ಅಂಟಿಕೊಂಡು ಓಡಿದರೆ ಕುದುರೆಯನ್ನು ಪಕ್ಕಕ್ಕೆ ಸರಿಸಿ. ಸರಿಯಾದ ಮೇಲೆ ಇನ್ನೊಮ್ಮೆ 648 ಅಳೆಯಿರಿ. ಆಮೇಲೆ ಡ್ರಿಲ್ ಕೈಗೆತ್ತಿಕೊಳ್ಳಿ.

ಪಿಕಪ್ ಮತ್ತು ಪಾಟಿನ ಗುಳಿಗಳ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ಅಂಚು ಒರಟಾದರೂ ನಡೆಯುತ್ತದೆ. ಬೋರ್ಡ್ ಮಾಡುವ ಅಂಗಡಿಯಿಂದ 3 ಮಿಮೀ ಅಕ್ರಿಲಿಕ್ ಶೀಟಿನ ತುಂಡು ತಂದು ಮೇಲೆ ಮುಚ್ಚಿದರೆ ಕಾಣುವುದಿಲ್ಲ. ಪಿಕಪ್ ಗುಳಿಯಿಂದ ಪಾಟ್ ಗುಳಿಗೆ, ಪಾಟ್ ಗುಳಿಯಿಂದ ಕುದುರೆಯ ಕೆಳಗೆ ವೈರ್ ಹೋಗಲು ದಾರಿ ಕೊರೆಯುವುದನ್ನು ಮಾತ್ರ ಮರೆಯಬೇಡಿ.

ಹಂತ 6: ಬಣ್ಣಕ್ಕೆ ಮುಂಚೆ ಒಂದು ಸಲ ತಂತಿ ಕಟ್ಟಿ

ಈ ಹಂತವನ್ನು ಬಹಳ ಜನ ಹಾರಿಸುತ್ತಾರೆ, ಹಾರಿಸಬೇಡಿ. ಪಾಲಿಶ್ ಮಾಡುವ ಮೊದಲೇ ಬಿರಡೆ, ಕುದುರೆ ಹಾಕಿ, ಅತಿ ತೆಳುವಿನದು ಮತ್ತು ಅತಿ ದಪ್ಪನೆಯದು, ಎರಡೇ ತಂತಿ ಕಟ್ಟಿ ಬಿಗಿ ಮಾಡಿ. ಮೆಟ್ಟಿಲ ಮೇಲೆಲ್ಲ ಒತ್ತಿ ನೋಡಿ. ತಪ್ಪಿದ್ದರೆ ಈಗಲೇ ಗೊತ್ತಾಗುತ್ತದೆ, ತೂತು ಮುಚ್ಚಿ ಬೇರೆ ಕೊರೆದರೂ ಆಮೇಲೆ ಪಾಲಿಶ್ ಅದನ್ನು ಮರೆಸುತ್ತದೆ.

ಹಂತ 7: ಪಾಲಿಶ್

120, 180, 240, 320 ನಂಬರಿನ ಪಾಲಿಶ್ ಪೇಪರ್ ಇದೇ ಕ್ರಮದಲ್ಲಿ, ಕಟ್ಟಿಗೆಯ ಎಳೆಯ ಉದ್ದಕ್ಕೆ. ಮೂಗು-ಬಾಯಿಗೆ ಮಾಸ್ಕ್ ಇರಲಿ, ಸಾಗವಾನಿ ಪುಡಿ ಗಂಟಲು ಕೆರೆಸುತ್ತದೆ. ಆಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಬಟ್ಟೆಯಲ್ಲಿ ಕಟ್ಟಿದ ಹತ್ತಿಯಿಂದ ತೆಳ್ಳಗೆ ಹತ್ತು ಸಲ. ಕಲಘಟಗಿಯ ತೊಟ್ಟಿಲುಗಳು ಹೊಳೆಯುವುದೂ ಅರಗಿನಿಂದಲೇ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮಾತ್ರ ಇದನ್ನು ಮಾಡಬೇಡಿ. ಹಸಿ ಗಾಳಿಗೆ ಪಾಲಿಶ್ ಬೆಳ್ಳಗೆ ಮಂಜು ಕವಿದ ಹಾಗಾಗುತ್ತದೆ. ನೆಕ್ಕಿನ ಗುಳಿಯೊಳಗೆ ಪಾಲಿಶ್ ಹೋಗದ ಹಾಗೆ ಟೇಪ್ ಹಚ್ಚಿ.

ಹಂತ 8: ವೈರಿಂಗ್

ಒಂದು ಪಿಕಪ್, ಒಂದು ವಾಲ್ಯೂಮ್ ಪಾಟ್, ಒಂದು ಜಾಕ್. ಮೊದಲ ಗಿಟಾರಿಗೆ ಇಷ್ಟು ಸಾಕು. ಪಾಟ್ ಅಂದರೆ ದನಿ ಏರಿಳಿಸುವ ತಿರುಗುಬಟನ್ನಿನ ಒಳಗಿನ ಬಿಡಿಭಾಗ. ಒಂದೇ ಸುರುಳಿಯ ಪಿಕಪ್ಪಿಗೆ 250ಕೆ, ಜೋಡಿ ಸುರುಳಿಯ ಹಂಬಕರ್‌ಗೆ 500ಕೆ ಪಾಟ್. ಅಂಗಡಿಯಲ್ಲಿ ಅದೇ ಸಿಗದಿದ್ದರೆ 220ಕೆ, 470ಕೆ ತನ್ನಿ, ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಬೆಸುಗೆಗೆ ಮೊದಲು ಪಿಕಪ್ಪಿನ ಎರಡು ವೈರಿಗೆ ಮಲ್ಟಿಮೀಟರ್ ಹಚ್ಚಿ. ಸಾಮಾನ್ಯವಾಗಿ 5ರಿಂದ 9 ಕಿಲೋ ಓಮ್ ಸುತ್ತ ತೋರಿಸುತ್ತದೆ. ಏನೂ ತೋರಿಸದಿದ್ದರೆ ಒಳಗಿನ ಸುರುಳಿ ಹರಿದಿದೆ, ಅಂಗಡಿಗೆ ವಾಪಸ್ ಕೊಡಿ.

ಪಾಟಿಗೆ ಮೂರು ಕಾಲು. ಒಂದು ತುದಿಯ ಕಾಲಿಗೆ ಪಿಕಪ್ಪಿನ ಸಿಗ್ನಲ್ ವೈರ್. ನಡುವಿನ ಕಾಲಿನಿಂದ ಜಾಕಿನೊಳಗೆ ಪ್ಲಗ್ಗಿನ ತುದಿ ಮುಟ್ಟುವ ಕಡ್ಡಿಗೆ. ಇನ್ನೊಂದು ತುದಿಯ ಕಾಲನ್ನು ಬಗ್ಗಿಸಿ ಪಾಟಿನ ಬೆನ್ನಿಗೇ ಬೆಸೆಯಿರಿ. ಉಳಿದ ಎಲ್ಲ ಅರ್ಥ್ ವೈರ್ ಅದೇ ಬೆನ್ನಿಗೆ: ಪಿಕಪ್ಪಿನದು, ಜಾಕಿನದು, ಕುದುರೆಯ ಕೆಳಗಿನಿಂದ ಬಂದದ್ದು. ಪಾಟಿನ ಬೆನ್ನನ್ನು ಮೊದಲು ಪಾಲಿಶ್ ಪೇಪರಿನಲ್ಲಿ ಉಜ್ಜದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಬಟನ್ ಉಲ್ಟಾ ಕೆಲಸ ಮಾಡಿದರೆ ಎರಡು ತುದಿಯ ಕಾಲುಗಳ ವೈರ್ ಅದಲುಬದಲು ಮಾಡಿ.

ಗುಂಯ್ ಅನ್ನುವ ಸದ್ದು ಬಂದರೆ ಹೆದರಬೇಡಿ, ಅದು ಮನೆಯ 50 ಹರ್ಟ್ಸ್ ಕರೆಂಟಿನದು. ತಂತಿ ಮುಟ್ಟಿದಾಗ ಸದ್ದು ಇಳಿದರೆ ವೈರಿಂಗ್ ಸರಿ ಇದೆ. ಮುಟ್ಟಿದಾಗ ಜಾಸ್ತಿ ಆದರೆ ಜಾಕಿನ ಎರಡು ವೈರ್ ಅದಲುಬದಲಾಗಿವೆ. ಗುಳಿಗಳಿಗೆ ತಾಮ್ರದ ಫಾಯಿಲ್ ಟೇಪ್ ಅಂಟಿಸಿ ಅರ್ಥ್‌ಗೆ ಸೇರಿಸಿದರೆ ಸದ್ದು ಇನ್ನೂ ತಗ್ಗುತ್ತದೆ. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ಲಿಗೆ ಬೆಸುಗೆ ಹತ್ತುವುದಿಲ್ಲ. ಅದನ್ನೇ ಬಳಸುವುದಾದರೆ ವೈರನ್ನು ಸ್ಕ್ರೂ ಕೆಳಗೆ ಒತ್ತಿ ಹಿಡಿಸಿ.

ಇದು ಜೀವದ ಮಾತು, ಗಮನ ಕೊಡಿ. ಕುದುರೆ ಅರ್ಥ್‌ಗೆ ಸೇರಿರುವುದರಿಂದ ತಂತಿ ಹಿಡಿದ ನಿಮ್ಮ ಕೈಗೂ ಆಂಪ್ಲಿಫೈಯರಿನ ಮೈಗೂ ನೇರ ಸಂಪರ್ಕ ಇರುತ್ತದೆ. ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್ ಇಲ್ಲದ ಕಡೆ ಆಂಪ್ ಹಾಕಬೇಡಿ. ಅರ್ಥ್ ಪಿನ್ ಮುರಿದ ಆಂಪನ್ನು ಯಾರು ಕೊಟ್ಟರೂ ಮುಟ್ಟಬೇಡಿ. ಸಂಶಯ ಇದ್ದರೆ ಬ್ಯಾಟರಿಯ ಪುಟ್ಟ ಆಂಪ್ ಸಾಕು.

ಹಂತ 9: ಸ್ವರಕ್ಕೆ ತರುವುದು

9-42 ಅಂತ ಬರೆದ ತಂತಿ ಸೆಟ್ ಹಾಕಿ. ಅತಿ ತೆಳು ತಂತಿ ಇಂಚಿನ ಸಾವಿರದಲ್ಲಿ 9 ಭಾಗ, ಅತಿ ದಪ್ಪ 42 ಭಾಗ ಅಂತ ಅರ್ಥ. ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ, ಬಿ, ಇ ಸ್ವರಕ್ಕೆ ಏರಿಸಿ ಒಂದು ರಾತ್ರಿ ಬಿಡಿ.

ಮರುದಿನ ಮೊದಲು ನೆಕ್ಕಿನ ಬಾಗು. ದಪ್ಪ ತಂತಿಯನ್ನು 1ನೇ ಮೆಟ್ಟಿಲಲ್ಲೂ 17ನೇ ಮೆಟ್ಟಿಲಲ್ಲೂ ಒತ್ತಿ ಹಿಡಿದು 7ನೇ ಮೆಟ್ಟಿಲ ಮೇಲಿನ ಸಂದು ನೋಡಿ. ತೆಳುವಾದ ವಿಸಿಟಿಂಗ್ ಕಾರ್ಡ್ ನುಸುಳುವಷ್ಟಿದ್ದರೆ ಸರಿ. ಸಂದು ಜಾಸ್ತಿ ಇದ್ದರೆ ಟ್ರಸ್ ರಾಡ್ ಬಿಗಿ ಮಾಡಿ, ಇಲ್ಲವೇ ಇಲ್ಲ ಅಂದರೆ ಸಡಿಲಿಸಿ. ಒಮ್ಮೆಗೆ ಕಾಲು ಸುತ್ತು ಮಾತ್ರ. ಗಟ್ಟಿಯಾಗಿದ್ದರೆ ಬಲವಂತ ಮಾಡಬೇಡಿ, ರಾಡ್ ತುಂಡಾದರೆ ನೆಕ್ಕೇ ಹೋಯಿತು.

ಆಮೇಲೆ ಎತ್ತರ. 12ನೇ ಮೆಟ್ಟಿಲ ಮೇಲೆ ದಪ್ಪ ತಂತಿ 2 ಮಿಮೀ, ತೆಳು ತಂತಿ 1.6 ಮಿಮೀ ಇರುವ ಹಾಗೆ ಸ್ಯಾಡಲ್ ಏರಿಸಿ ಇಳಿಸಿ. ಪೂರ್ತಿ ಇಳಿಸಿದರೂ ತಂತಿ ಎತ್ತರವೇ ಇದ್ದರೆ ನೆಕ್ ಬಿಚ್ಚಿ, ಗುಳಿಯ ಒಳತುದಿಗೆ, ಅಂದರೆ ಕುದುರೆಯ ಕಡೆಗೆ, ಅರ್ಧ ಮಿಮೀ ದಪ್ಪದ ಕಾರ್ಡಿನ ತುಂಡು ಇಟ್ಟು ಮತ್ತೆ ಬಿಗಿಯಿರಿ. ನೆಕ್ ಹಿಂದಕ್ಕೆ ಓರೆಯಾಗಿ ತಂತಿ ಇಳಿಯುತ್ತದೆ. ತಂಬೂರಿಯಲ್ಲಿ ಜವಾರಿ ಬೇಕು ಅಂತಲೇ ಕುದುರೆಯ ಮೇಲೆ ದಾರ ಸಿಕ್ಕಿಸುತ್ತೇವೆ, ಅಲ್ವಾ? ಇಲ್ಲಿ ಆ ಝೇಂಕಾರ ಬಂದರೆ ತಂತಿ ಎಲ್ಲೋ ಮೆಟ್ಟಿಲಿಗೆ ತಾಗುತ್ತಿದೆ ಅಂತ. ಯಾವ ಮೆಟ್ಟಿಲು ಅಂತ ಹುಡುಕಿ, ಆ ತಂತಿಯನ್ನು ಕೂದಲೆಳೆಯಷ್ಟು ಏರಿಸಿ.

ಕೊನೆಯದು ಇಂಟೊನೇಶನ್, ಅಂದರೆ ನೆಕ್ಕಿನ ಎಲ್ಲ ಕಡೆ ಸ್ವರ ಸರಿಯಾಗಿ ನಿಲ್ಲುವುದು. ಫೋನಿನಲ್ಲಿ ಟ್ಯೂನರ್ ಆಪ್ ತೆರೆಯಿರಿ. ತಂತಿಯನ್ನು ಖಾಲಿ ಮೀಟಿ ಸರಿಮಾಡಿ, ನಂತರ ಅದೇ ತಂತಿಯನ್ನು 12ನೇ ಮೆಟ್ಟಿಲಲ್ಲಿ ಒತ್ತಿ ಮೀಟಿ. ಅದೇ ಸ್ವರ ಒಂದು ಸಪ್ತಕ ಮೇಲೆ ಬರಬೇಕು. ಏರಿದ್ದರೆ ಸ್ಯಾಡಲ್ಲನ್ನು ಹಿಂದಕ್ಕೆ, ಅಂದರೆ ನೆಕ್ಕಿನಿಂದ ದೂರ ಸರಿಸಿ. ಇಳಿದಿದ್ದರೆ ಮುಂದಕ್ಕೆ. ಪ್ರತಿ ಸಲ ಸರಿಸಿದ ಮೇಲೆ ಮತ್ತೆ ಟ್ಯೂನ್ ಮಾಡಿಯೇ ನೋಡಿ. ಆರೂ ತಂತಿಗೆ ಒಂದು ತಾಸು ಹಿಡಿಯುತ್ತದೆ. 1ನೇ, 2ನೇ ಮೆಟ್ಟಿಲಲ್ಲಿ ಮಾತ್ರ ಸ್ವರ ಏರುತ್ತಿದ್ದರೆ ತಪ್ಪು ಕುದುರೆಯದಲ್ಲ, ನಟ್‌ನ ಗೀರು ಆಳ ಸಾಲದು. ಸಣ್ಣ ಅರದಿಂದ ಎರಡೇ ಎಳೆತ ಎಳೆದು ನೋಡಿ. ಒಮ್ಮೆಗೆ ಜಾಸ್ತಿ ಉಜ್ಜಿದರೆ ಹೊಸ ನಟ್ ಹಾಕಬೇಕಾಗುತ್ತದೆ.

ಮೊದಲ ವಾರ ತಂತಿ ಇಳಿಯುತ್ತಲೇ ಇರುತ್ತದೆ, ದಿನಾ ಏರಿಸಿ. ಆಮೇಲೆ ಜೂನ್ ಮಳೆ ಹಿಡಿದಾಗ ಒಮ್ಮೆ, ಮಾರ್ಚ್ ಬಿಸಿಲು ಏರಿದಾಗ ಒಮ್ಮೆ, ಆ ವಿಸಿಟಿಂಗ್ ಕಾರ್ಡ್ ತೆಗೆದು ನೆಕ್ಕಿನ ಬಾಗು ನೋಡಿ. ಟ್ರಸ್ ರಾಡಿನ ಅಲೆನ್ ಕೀಯನ್ನು ಗಿಟಾರ್ ಚೀಲದ ಜೇಬಿನಲ್ಲೇ ಇಟ್ಟುಬಿಡಿ, ಬೇಕಾದಾಗ ಹುಡುಕಿದರೆ ಅದು ಸಿಗುವುದಿಲ್ಲ.